ಎಡಗಾಲಿನ ಹರಕೆ

ತೊಗರ್ಸಿ
12 ಆಗಸ್ಟ್ 2024, ಶ್ರಾವಣ ಸೋಮವಾರ

ಚಿರಂಜೀವಿ ರಕ್ಷಿತಾಳಿಗೆ ಅವ್ವನ ಆಶೀರ್ವಾದ.

ನಿನ್ನ ವಿಷಯ ಒಂದನ್ನು ಬಿಟ್ಟರೆ ಮನೆಯಲ್ಲಿ ಎಲ್ಲ ಚೆನ್ನಾಗಿದೆ. ಅವ್ವ ಈಗ ಯಾಕೆ ಕಾಗದ ಬರೆದಳು ಎಂದು ನಗಬೇಡ. ಫೋನ್ ಮಾಡಿದರೆ ನಿನ್ನ ಅಪ್ಪ ಸ್ಪೀಕರ್ ಹಾಕುತ್ತಾರೆ. ಪಕ್ಕದ ಮನೆ ಹೂವಮ್ಮ ಒಲೆಯ ಮೇಲಿನ ಒಗ್ಗರಣೆ ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ನೀನು ಆ ಕಡೆಯಿಂದ ‘ಹೂಂ, ಹೂಂ’ ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ನಡುವೆ ಇಡಲು ಬರುವುದಿಲ್ಲ. ಏಳನೇ ಕ್ಲಾಸಿನ ತನಕ ಕಲಿತ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು.

ನೇರವಾಗಿ ಹೇಳುತ್ತೇನೆ. ಸಾಕು ಮಗಳೇ. ಹೋದ ಕಾರ್ತೀಕದಲ್ಲಿ ಫುಟ್‌ಬಾಲ್ ಆಡುವಾಗ ಎಡಮಂಡಿ ಹೋಯಿತು. ಒಳಗಿನ ನರ ಹರಿದಿದೆ ಎಂದು ಕೊಯ್ದು ಹೊಸದು ಕಟ್ಟಿದರು. ಆರು ತಿಂಗಳು ತುಂಬುವ ಮೊದಲೇ ಕ್ಲಬ್ಬಿನ ಹಾಸ್ಟೆಲಿನ ಮೆಟ್ಟಿಲಲ್ಲಿ ಜಾರಿ, ಕಟ್ಟಿದ್ದನ್ನೇ ಮತ್ತೆ ಹರಿದುಕೊಂಡೆ. ಹೋದ ತಿಂಗಳು ಎರಡನೇ ಸಲ ಕೊಯ್ದರು. ಇಪ್ಪತ್ತೆರಡು ವರ್ಷದ ಹುಡುಗಿಯ ಒಂದು ಕಾಲಿಗೆ ಇಷ್ಟು ಹೊಲಿಗೆ ಸಾಲದೇ? ಆಸ್ಪತ್ರೆಯಿಂದ ಮನೆಗೆ ಬರುತ್ತೀಯೆಂದು ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೆ. ನೀನು ಕಲ್ಲಿಕೋಟೆಯ ಆ ರೂಮಿಗೇ ಹೋದೆ.

ಸೊರಬದಿಂದ ನಿನ್ನ ಸೋದರಮಾವ ಈಶ್ವರ್ ಬಂದಿದ್ದ. ಅಲ್ಲಿ ಅವನಿಗೆ ಗುರುತಿನವರ ಶಾಲೆಯಲ್ಲಿ ಬರುವ ಜೂನ್‌ಗೆ ಆಟದ ಟೀಚರ್ ಬೇಕಂತೆ. “ನಾ ಹೇಳಿದ್ರೆ ಅವ್ರು ಇಲ್ಲ ಅನ್ನಲ್ಲ ಅಕ್ಕಾ. ಸೀಟಿ ಊದ್ಕೊಂಡು ನೆರಳಲ್ಲಿ ನಿಂತ್ರೆ ಆಯ್ತು ಮಾರಾಯ್ತಿ,” ಎಂದ. ನಾನು ಆಗಲಿ ಎಂದಿದ್ದೇನೆ.

ಇನ್ನೊಂದು ಮಾತು. ಮೊದಲ ಸಲ ನೀನು ಬಿದ್ದಾಗ ನಮ್ಮ ಮನೆದೇವರು ವೀರಭದ್ರಸ್ವಾಮಿಗೆ ಹರಕೆ ಹೊತ್ತಿದ್ದೆ. ಮಗಳು ಎದ್ದು ನಡೆದರೆ ಅವಳ ಕೈಯಿಂದಲೇ ಗುಡಿಯ ಸುತ್ತ ಮೂರು ಸುತ್ತು ಹೆಜ್ಜೆ ನಮಸ್ಕಾರ ಹಾಕಿಸುತ್ತೇನೆ ಎಂದು. ಮೇ ತಿಂಗಳಲ್ಲಿ ನೀನು ಬಂದು ತೀರಿಸಿದೆ. ಆದರೂ ತೀರಿಸಿ ಹೋದ ನಾಲ್ಕನೇ ದಿನಕ್ಕೆ ಮೆಟ್ಟಿಲಲ್ಲಿ ಜಾರುತ್ತೀಯೆಂದರೆ ಏನರ್ಥ? ನೀನು ಆಡುವುದು ಸ್ವಾಮಿಗೆ ಒಪ್ಪಿಗೆಯಿಲ್ಲ. ಅದಕ್ಕೇ ಈ ಸಲ ನಿನ್ನನ್ನು ಆಪರೇಷನ್ನಿಗೆ ಕರೆದುಕೊಂಡು ಹೋಗುವಾಗ ಕೈ ಮುಗಿದು ಮಾತು ಕೊಟ್ಟೆ. ಕಾಲು ಉಳಿಸು ತಂದೆ, ಇನ್ನು ಅವಳನ್ನು ಮೈದಾನಕ್ಕೆ ಇಳಿಸುವುದಿಲ್ಲ ಎಂದೆ. ಕಾಲು ಉಳಿದಿದೆ. ಮಾತನ್ನು ನಾನು ಉಳಿಸಬೇಕು.

ಹೊರಡುವ ದಿನ ತಿಳಿಸು, ಅಪ್ಪ ಬರುತ್ತಾರೆ.

ನಿನ್ನ ಅವ್ವ,
ರಾಜೇಶ್ವರಮ್ಮ


ಕಲ್ಲಿಕೋಟೆ
30 ಆಗಸ್ಟ್ 2024

ಅವ್ವಾ,

ಕಾಗದ ಬಂತು. ತಪ್ಪು ಎರಡೇ ಇದ್ದವು.

ನಾನು ಬರುವುದಿಲ್ಲ. ಮನೆಗೂ ಇಲ್ಲ, ಸೊರಬಕ್ಕೂ ಇಲ್ಲ. ದೇವರ ಹತ್ತಿರ ಮಾತಾಡುವ ಮೊದಲು ನನ್ನ ಹತ್ತಿರ ಒಂದು ಮಾತು ಆಡಬಹುದಿತ್ತು. ಆಸ್ಪತ್ರೆಯ ಅದೇ ಕಾರಿಡಾರಿನಲ್ಲಿ, ನಾನು ಹತ್ತು ಹೆಜ್ಜೆ ದೂರದಲ್ಲಿ ಇದ್ದೆ.

ಇಲ್ಲಿ ನನ್ನ ಕೆಲಸ ಇದು. ಬೆಳಿಗ್ಗೆ ಹಿಮ್ಮಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಮಂಡಿಯನ್ನು ಕೆಳಕ್ಕೆ ಒತ್ತುವುದು, ನೂರು ಸಲ. ಮಧ್ಯಾಹ್ನ ನೂರು. ಸಂಜೆ ನೂರು. ಕಾಲು ಪೂರ್ತಿ ನೇರವಾಗಲು ಇನ್ನೂ ಎರಡು ಬೆರಳಿನಷ್ಟು ಬಾಕಿ. ಬರುವ ಮೇ ತಿಂಗಳಲ್ಲಿ ಪರೀಕ್ಷೆ. ನನ್ನ ಎಡಗಾಲಿನ ಬಲ ಬಲಗಾಲಿನ ನೂರಕ್ಕೆ ತೊಂಬತ್ತರಷ್ಟು ಬಂದರೆ ತಂಡದಲ್ಲಿ ಉಳಿಸಿಕೊಳ್ಳುತ್ತಾರೆ. ಬರದಿದ್ದರೆ ಕಳಿಸುತ್ತಾರೆ. ಆಗ ನೀನು ಹೇಳುವ ಮೊದಲೇ ಬಂದು ಸೀಟಿ ಊದುತ್ತೇನೆ.

ಹೊಸ ಕೋಚ್ ಬಂದಿದ್ದಾರೆ. ಸ್ಪೇನ್ ದೇಶದ ಹೆಂಗಸು, ಮೈತೆ ಎಂದು ಹೆಸರು. ಅವರೂ ನನ್ನ ಹಾಗೆ ವಿಂಗರ್ ಆಗಿದ್ದವರು, ಮೈದಾನದ ಅಂಚಿನ ಗೆರೆ ಹಿಡಿದು ಚೆಂಡಿನೊಂದಿಗೆ ಓಡುವವರು. ನಡೆಯುವಾಗ ಅವರ ಎರಡೂ ಮಂಡಿ ಸದ್ದು ಮಾಡುತ್ತವೆ.

ಅಪ್ಪನಿಗೆ ನಮಸ್ಕಾರ.

ರಕ್ಷಿತಾ


ತೊಗರ್ಸಿ
22 ಸೆಪ್ಟೆಂಬರ್ 2024

ರಕ್ಷಿತಾ,

ತಪ್ಪು ಎಣಿಸುವಷ್ಟು ಪುರುಸೊತ್ತಿದೆ ಎಂದರೆ ಕಾಲು ಅಷ್ಟೇನೂ ನೋಯುತ್ತಿಲ್ಲ ಎಂದುಕೊಂಡೆ.

ಊರವರ ಬಾಯಿಗೆ ನಾನು ಉತ್ತರ ಕೊಡಬೇಕು. ಮೊನ್ನೆ ಹೂವಮ್ಮ ಬೀದಿ ನಲ್ಲಿಯ ಹತ್ತಿರ ನಾಲ್ಕು ಜನರ ಎದುರಿಗೆ, “ಹುಡ್ಗಿಗೆ ಕಬ್ಬಿಣದ ಕಾಲು ಹಾಕ್ಯಾರಂತೆ, ಹೌದೇನೇ ರಾಜಕ್ಕಾ?” ಎಂದು ಕೇಳಿದಳು. “ಹೂಂ ಕಣೆ, ಒಂದು ಮಿಕ್ಕೈತಂತೆ, ನಿನ್ನ ನಾಲ್ಗೆಗೆ ಹಾಕಿಸ್ಲೇನು?” ಎಂದೆ. ಕೊಡ ತುಂಬುವ ಮೊದಲೇ ಎತ್ತಿಕೊಂಡು ಹೋದಳು. ಸಂಜೆ ಉಪ್ಪು ಕೇಳುವ ನೆವದಲ್ಲಿ ಮತ್ತೆ ಬಂದಳು, ಅದು ಬೇರೆ.

ಬೇರೆಯವರ ಎದುರು ನಾನು ನಿನ್ನ ಕಡೆ. ನಿನ್ನ ಎದುರು ಅಲ್ಲ. ಮಾತು ಕೊಟ್ಟದ್ದು ಕೊಟ್ಟದ್ದೇ.

ಮೆಕ್ಕೆಜೋಳ ಚೆನ್ನಾಗಿ ಬಂದಿದೆ. ಹಂದಿ ಕಾಯಲು ಅಪ್ಪ ಹೊಲದಲ್ಲೇ ಮಲಗುತ್ತಾರೆ. ಆ ಸ್ಪೇನಿನ ಹೆಂಗಸಿನ ಮಂಡಿ ಯಾಕೆ ಸದ್ದು ಮಾಡುತ್ತದೆ? ಎಣ್ಣೆ ಹಚ್ಚುವವರು ಯಾರೂ ಇಲ್ಲವೇ?

ಅವ್ವ


ಕಲ್ಲಿಕೋಟೆ
17 ನವೆಂಬರ್ 2024

ಅವ್ವಾ,

ಕಾಲು ಪೂರ್ತಿ ನೇರವಾಯಿತು. ನಿಧಾನವಾಗಿ ಓಡಲು ಬಿಟ್ಟಿದ್ದಾರೆ. ಮೊದಲ ದಿನ ಎರಡು ನಿಮಿಷ ಓಡಿದೆ.

ಮೈತೆ ಮಂಡಿಯ ಕಥೆ ಕೇಳಿದೆಯಲ್ಲ, ಬರೆಯುತ್ತೇನೆ. ಅವರದು ಸಮುದ್ರದ ದಂಡೆಯ ಸಣ್ಣ ಊರು, ಅಪ್ಪ ಮೀನು ಹಿಡಿಯುವವರು. ಹದಿನಾರು ವರ್ಷಕ್ಕೇ ದೊಡ್ಡವರ ತಂಡದಲ್ಲಿ ಆಡಿದರು. ಹತ್ತೊಂಬತ್ತಕ್ಕೆ ದೇಶದ ತಂಡಕ್ಕೆ ಕರೆ ಬಂತು. ಬೆನ್ನಿನ ಮೇಲೆ ಹೆಸರು ಬರೆದ ಅಂಗಿಯನ್ನೂ ಕೊಟ್ಟರು. ಪಂದ್ಯಕ್ಕೆ ಮೂರು ದಿನ ಇರುವಾಗ, ಯಾರೂ ಮುಟ್ಟದೆ, ಸುಮ್ಮನೆ ತಿರುಗುವಾಗ ಬಲಮಂಡಿ ಹೋಯಿತು. ಒಂದು ವರ್ಷ ಕೂತರು. ವಾಪಸ್ ಬಂದಾಗ ನೋವಿತ್ತು. ಮತ್ತೆ ಕೂರಿಸುತ್ತಾರೆಂಬ ಭಯಕ್ಕೆ ಡಾಕ್ಟರ ಹತ್ತಿರ ನೋವಿಲ್ಲ ಎಂದರು. ಒಂಬತ್ತು ಪಂದ್ಯ ಆಡುವಷ್ಟರಲ್ಲಿ ಅದೇ ಮಂಡಿ ಮತ್ತೆ ಹೋಯಿತು. ಆಮೇಲೆ ಪಾದದ ಕೀಲು, ಆಮೇಲೆ ಎಡಮಂಡಿ. ಆರು ವರ್ಷದಲ್ಲಿ ಐದು ಕ್ಲಬ್ಬು. “ಪ್ರತಿ ಊರಲ್ಲೂ ನನಗೆ ಮೊದಲು ಗುರುತಾಗುತ್ತಿದ್ದವರು ಡಾಕ್ಟರು,” ಎಂದು ನಗುತ್ತಾರೆ.

ದೇಶದ ಅಂಗಿ ಹಾಕಿ ಒಂದು ನಿಮಿಷವೂ ಆಡಲಿಲ್ಲ. ಆದರೆ ಇಪ್ಪತ್ತಾರನೇ ವಯಸ್ಸಿನಲ್ಲಿ ಒಂದು ವರ್ಷ, ಒಂದೇ ಒಂದು ವರ್ಷ, ಏನೂ ಆಗಲಿಲ್ಲವಂತೆ. ಇಪ್ಪತ್ತೇಳು ಪಂದ್ಯ ಆಡಿದರು. ಆ ವರ್ಷದ ಯಾವ ಪಂದ್ಯ ಕೇಳಿದರೂ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂಬುದರಿಂದ ಶುರು ಮಾಡುತ್ತಾರೆ. ಇಪ್ಪತ್ತೊಂಬತ್ತಕ್ಕೆ ಬಿಟ್ಟರು.

“ಆ ಒಂದು ವರ್ಷಕ್ಕೆ ಇಷ್ಟೆಲ್ಲ ಬೇಕಿತ್ತಾ?” ಎಂದು ನಾನು ಕೇಳಿಯೇಬಿಟ್ಟೆ. “ಬೇಕಿತ್ತೋ ಇಲ್ಲವೋ ಗೊತ್ತಿಲ್ಲ. ಆ ವರ್ಷ ನನ್ನದು,” ಎಂದರು.

ಆಮೇಲೆ ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ನಾನು ಉತ್ತರ ಕೊಡದೆ ಎದ್ದು ಬಂದೆ.

ರಕ್ಷಿತಾ


ತೊಗರ್ಸಿ
8 ಡಿಸೆಂಬರ್ 2024

ರಕ್ಷಿತಾ,

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. “ಸಮುದ್ರದ ದಂಡೆ ಅಂದ್ರೆ ಗಾಳಿ ಇರ್ತದೆ ಬಿಡು,” ಎಂದರು. ಅವರಿಗೆ ತಿಳಿದದ್ದು ಅಷ್ಟು.

ನನಗೆ ಬೇರೆಯೇ ಒಂದು ಯೋಚನೆ. ಆ ಮೈತೆಯ ತಾಯಿ ಏನು ಮಾಡುತ್ತಿದ್ದರು? ಐದು ಊರು, ನಾಲ್ಕು ಗಾಯ. ಪ್ರತಿ ಸಲವೂ ಅವರಿಗೆ ಸುದ್ದಿ ಹೋಗಿರಬೇಕಲ್ಲ. ಅವರೂ ಯಾವುದೋ ದೇವರ ಮುಂದೆ ಮಂಡಿಯೂರಿ ಕೂತಿರುತ್ತಾರೆ. ಒಮ್ಮೆ ಕೇಳು.

ನಿನ್ನನ್ನು ಏನು ಕೇಳಿದರು? ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನು. ಗೊತ್ತಿದ್ದರೆ ಹೇಳು. ತನ್ನ ತಪ್ಪನ್ನು ತಾನೇ ಬಿಚ್ಚಿ ಹೇಳಿಕೊಂಡ ಹೆಂಗಸಿನ ಎದುರು ಬಾಯಿ ಕಟ್ಟಿಕೊಂಡು ಎದ್ದು ಬರುವುದು ಒಳ್ಳೆಯವರ ಲಕ್ಷಣವಲ್ಲ. ಸುಳ್ಳು ಹೇಳುವ ಮಗಳನ್ನು ನಾನು ಬೆಳೆಸಿಲ್ಲ.

ಅಲ್ಲಿಯ ಹಾಸ್ಟೆಲಿನವರಿಗೆ ಹೇಳಿ ಆ ಮೆಟ್ಟಿಲಿಗೆ ಒಂದು ಹಿಡಿಕೆ ಹಾಕಿಸು. ಇನ್ನೊಬ್ಬರ ಮಗಳು ಜಾರುವುದು ಬೇಡ.

ಅವ್ವ


ಕಲ್ಲಿಕೋಟೆ
5 ಜನವರಿ 2025

ಅವ್ವಾ,

ಸುಳ್ಳು ಹೇಳುವ ಮಗಳನ್ನು ಬೆಳೆಸಿಲ್ಲ ಎಂದು ಬರೆದೆ. ಆ ಸಾಲನ್ನು ಎಷ್ಟು ಸಲ ಓದಿದೆನೋ.

ಮೈತೆ ಕೇಳಿದ್ದು ಇದು. “ಎರಡನೇ ಸಲ ಹೇಗೆ ಹರಿಯಿತು? ಮೆಟ್ಟಿಲಲ್ಲಿ ಜಾರಿದರೆ ಹೀಗೆ ಹರಿಯುವುದಿಲ್ಲ. ನನಗೆ ನಿಜ ಗೊತ್ತಾಗದಿದ್ದರೆ ಯಾವ ಚಲನೆ ನಿನ್ನ ಮಂಡಿಗೆ ಅಪಾಯ ಎಂದು ಹೇಗೆ ತಿಳಿಯಲಿ? ನಾನು ಡಾಕ್ಟರಿಗೆ ಸುಳ್ಳು ಹೇಳಿ ಒಂದು ಮಂಡಿ ಕಳೆದುಕೊಂಡವಳು.”

ನಿನ್ನ ಕಾಗದ ಬಂದ ಮೇಲೆ ಹೋಗಿ ಹೇಳಿದೆ. ಅವರಿಗೆ ಹೇಳಿದ ಮೇಲೆ ನಿನಗೆ ಹೇಳದೆ ಇರುವುದು ಸರಿಯಲ್ಲ.

ನಾನು ಮೆಟ್ಟಿಲಲ್ಲಿ ಜಾರಲಿಲ್ಲ ಅವ್ವಾ. ಹರಿದದ್ದು ನಮ್ಮ ಗುಡಿಯಲ್ಲಿ, ಹೆಜ್ಜೆ ನಮಸ್ಕಾರದ ಎರಡನೇ ಸುತ್ತಿನಲ್ಲಿ.

ಮಂಡಿ ಪೂರ್ತಿ ಮಡಚಿ ಕೂರಬಾರದು ಎಂದು ಆಗ ಡಾಕ್ಟರು ಹೇಳಿದ್ದರು. ನಿನಗೆ ಫೋನಿನಲ್ಲಿ ಹೇಳಿದ್ದೆ. ನೀನು, “ಐದು ತಿಂಗ್ಳಾತು, ಚಂದಾಗಿ ನಡೀತೀಯಲ್ಲ. ಹರಕೆ ಮುಂದಕ್ಕೆ ಹಾಕಬಾರ್ದು,” ಎಂದೆ. ನಾನು ಬಂದೆ. ಮೈಮೇಲೆ ನೀರು ಸುರಿದುಕೊಂಡು ಒದ್ದೆ ಬಟ್ಟೆಯಲ್ಲಿ ಶುರು ಮಾಡಿದೆ. ಉದ್ದಕ್ಕೆ ಮಲಗುವುದು, ಕೈ ಮುಟ್ಟಿದ ಕಡೆ ಗೆರೆ ಎಳೆಯುವುದು, ಮಂಡಿಯೂರಿ ಏಳುವುದು, ಗೆರೆಯ ತನಕ ನಡೆದು ಮತ್ತೆ ಮಲಗುವುದು. ಗುಡಿಯ ಹಿಂದೆ ತೀರ್ಥ ಬೀಳುವ ಕಡೆ ಕಲ್ಲು ನುಣುಪು. ಏಳುವಾಗ ಎಡಗಾಲು ಹೊರಕ್ಕೆ ಜಾರಿತು, ಮೈ ಒಳಕ್ಕೆ ತಿರುಗಿತು. ಹಸಿ ಕಡ್ಡಿ ಮುರಿದ ಹಾಗೆ ಒಂದು ಸದ್ದು. ಮೊದಲ ಸಲ ಕೇಳಿದ ಸದ್ದೇ. ಗುರುತು ಸಿಕ್ಕಿತು.

ನೀನು ಮುಂದೆ ನೀರು ಚಿಮುಕಿಸುತ್ತಾ ಹೋಗುತ್ತಿದ್ದೆ. ಹಾಡು ಹೇಳುತ್ತಿದ್ದೆ. ತಿರುಗಿ ನೋಡಿ ನಕ್ಕೆ. ಆ ಮುಖಕ್ಕೆ ನಾನು ಹೇಗೆ ಹೇಳಲಿ? ಮೂರನೇ ಸುತ್ತನ್ನೂ ಮುಗಿಸಿದೆ.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯಬೇಕೆಂದಿದ್ದೆ. ಇತ್ತು. ಈಗ ಎಷ್ಟು ಉಳಿದಿದೆಯೋ ಗೊತ್ತಿಲ್ಲ.

ರಕ್ಷಿತಾ


ತೊಗರ್ಸಿ
10 ಫೆಬ್ರವರಿ 2025

ಚಿ. ರಕ್ಷಿತಾಗೆ,

ನಾನು ಎಂದೂ ಕಾಗದ ಬರೆದವನಲ್ಲ. ನಿನ್ನ ತಾಯಿ ಒಂದು ತಿಂಗಳಿಂದ ಸರಿಯಾಗಿ ಮಾತಾಡುತ್ತಿಲ್ಲ. ಊಟ ಮಾಡುತ್ತಾಳೆ. ಪೂಜೆ ಮಾಡುತ್ತಾಳೆ, ಆದರೆ ಹಾಡುವುದಿಲ್ಲ. ಹೂವಮ್ಮ ಬೈಸಿಕೊಳ್ಳಲೆಂದೇ ದಿನಕ್ಕೆರಡು ಸಲ ಬಂದು ನೋಡಿದಳು. ಬೈಯಲಿಲ್ಲ. ಅದಕ್ಕೆ ಅವಳೂ ಹೆದರಿದ್ದಾಳೆ.

ನಿನ್ನ ಕಾಗದ ದೇವರ ಗೂಡಿನಲ್ಲಿದೆ. ನಾನು ಓದಿಲ್ಲ. ಕೇಳಿದ್ದಕ್ಕೆ, “ನನ್ನ ಹೆಸರಿಗೆ ಬಂದದ್ದು,” ಎಂದಳು.

ನೀನು ಏನು ಬರೆದಿದ್ದರೂ ಸರಿ, ಅದನ್ನು ವಾಪಸ್ ತೆಗೆದುಕೊಳ್ಳಬೇಡ. ಅವಳು ಏನೋ ಲೆಕ್ಕ ಹಾಕುತ್ತಿದ್ದಾಳೆ. ಕಾಲು ಹುಷಾರು.

ನಿನ್ನ ಅಪ್ಪ,
ಸದಾಶಿವಪ್ಪ


ತೊಗರ್ಸಿ
3 ಮಾರ್ಚ್ 2025

ರಕ್ಷಿತಾ,

ಆವತ್ತು ಹರಕೆ ತೀರಿಸಿ ನೀನು ಬಸ್ಸು ಹತ್ತುವಾಗ ಕಂಬಿ ಹಿಡಿದು ಎರಡು ಸಲ ನಿಂತೆ. ನಾನು, “ರೂಢಿ ಇಲ್ದೆ ಮೈಕೈ ನೋವು ಬಂದಿರ್ಬೇಕು, ಬಿಸಿನೀರು ಹಾಕ್ಕೋ,” ಎಂದೆ. ಈ ಎರಡು ತಿಂಗಳು ಬಸ್ಸಿನ ಆ ಮೆಟ್ಟಿಲೇ ಕಣ್ಣ ಮುಂದೆ ಇತ್ತು.

ಕ್ಷಮಿಸು ಎಂದು ಒಂದು ಸಲ ಬರೆಯುತ್ತೇನೆ. ಮತ್ತೆ ಮತ್ತೆ ಬರೆದರೆ ನೀನೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಆ ಕೆಲಸವನ್ನು ನಿನಗೆ ಹಚ್ಚುವುದಿಲ್ಲ. ಕ್ಷಮಿಸು.

ಇನ್ನು ಮಾಡಿದ ಕೆಲಸ ಹೇಳುತ್ತೇನೆ. ಶಿವರಾತ್ರಿ ಮುಗಿದ ಮರುದಿನ ಬೆಳಿಗ್ಗೆ ಒಬ್ಬಳೇ ಗುಡಿಗೆ ಹೋದೆ. ಪೂಜಾರಿ ಸಂಗಮೇಶಯ್ಯನವರು ಪಾತ್ರೆ ತೊಳೆಯುತ್ತಿದ್ದರು. “ಅಯ್ನೋರೇ, ಹೋದ ವರ್ಷ ಸ್ವಾಮಿಗೆ ಒಂದು ಮಾತು ಕೊಟ್ಟಿದ್ದೆ. ವಾಪಸ್ ತಗಳ್ಳಾಕೆ ಬಂದೀನಿ,” ಎಂದೆ.

ಅವರು ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟರು. “ಏನಮ್ಮಾ ಇದು, ಅಂಗಡಿ ಸಾಮಾನು ಕೆಟ್ಟೋಯ್ತೇನು ವಾಪಸ್ ಕೊಡಾಕೆ? ದೇವ್ರಿಗೆ ಕೊಟ್ಟ ಮಾತದು.”

“ನಂದಲ್ಲದ್ದನ್ನ ಕೊಟ್ಟಿದ್ದೆ ಅಯ್ನೋರೇ. ಕಾಲು ನನ್ನ ಮಗಳದ್ದು. ಅವಳನ್ನ ಕೇಳ್ದೆ ಕೊಟ್ಟೆ. ಅದಕ್ಕಿಂತ ಮುಂಚೆ ನಮಸ್ಕಾರನೂ ಅವಳ ಮೈ ಮ್ಯಾಲೆ ಹೊತ್ತೆ, ನನ್ನ ಮೈ ಮ್ಯಾಲೆ ಹೊರ್ಲಿಲ್ಲ.”

ಅವರು ಕೈ ಒರೆಸಿಕೊಂಡರು. “ಹಂಗಾದ್ರೆ ಹೂವಿನ ಪ್ರಸಾದ ಕೇಳಿಬಿಡಾಣ. ಬಲಕ್ಕೆ ಬಿದ್ರೆ ಆಡ್ಲಿ, ಎಡಕ್ಕೆ ಬಿದ್ರೆ ಬ್ಯಾಡ,” ಎಂದು ಸ್ವಾಮಿಯ ಮೇಲೆ ಹೂವಿಡಲು ಹೊರಟರು.

ನಾನು ಬೇಡ ಎಂದೆ. ನನ್ನ ಆಯುಷ್ಯದಲ್ಲಿ ಪ್ರಸಾದ ಬೇಡ ಎಂದದ್ದು ಅದೇ ಮೊದಲು. ಎಡಕ್ಕೆ ಬಿದ್ದರೆ ಮತ್ತೆ ನಿನ್ನ ಕಾಲಿಗೆ ಹಗ್ಗ ಕಟ್ಟುತ್ತೇನೆ. ಬಲಕ್ಕೆ ಬಿದ್ದು ನಾಳೆ ಏನಾದರೂ ಆದರೆ ಸ್ವಾಮಿಯನ್ನು ಬೈಯುತ್ತೇನೆ. ಎರಡೂ ಬೇಡ. “ಕೇಳಾದು ಏನೂ ಇಲ್ಲ. ಹೇಳಿ ಹೋಗಾಕೆ ಬಂದೀನಿ,” ಎಂದು ಕೈ ಮುಗಿದೆ. ನನ್ನ ಹೆಸರಿನಲ್ಲಿ ನಾನೇ ಮೂರು ಸುತ್ತು ಹೆಜ್ಜೆ ನಮಸ್ಕಾರ ಹಾಕಿದೆ. ಏನನ್ನೂ ಬೇಡಲಿಲ್ಲ. ಗುಡಿಯ ಹಿಂದೆ ಆ ಕಲ್ಲು ನುಣುಪು ನಿಜ. ಕೈ ಊರಿ ಎದ್ದೆ. ನನಗೂ ಮಂಡಿಗಳಿವೆ, ಅವು ಎಷ್ಟು ನೋಯುತ್ತವೆ ಎಂದು ಆವತ್ತು ಗೊತ್ತಾಯಿತು.

ಅಲ್ಲಿಂದಲೇ ಬಸ್ಸು ಹತ್ತಿ ಸೊರಬಕ್ಕೆ ಹೋದೆ. ಶಾಲೆಯವರಿಗೆ ಬೇರೆಯವರನ್ನು ನೋಡಿಕೊಳ್ಳಲು ಹೇಳು ಎಂದೆ. ಈಶ್ವರ್ ಕುಣಿದಾಡಿದ. “ನಿಂಗೆ ತಲೆ ಕೆಟ್ಟಿದ್ಯಾ ಅಕ್ಕಾ? ನಾಳೆ ಕುಂಟಿ ಆದ್ರೆ ಯಾರು ನೋಡ್ಕಳ್ತಾರೆ?”

“ನೋಡ್ಕಳ್ಳಾಕೆ ನಾನಿದೀನಿ. ಕುಂಟ್ತಾ ಬಂದ್ರೂ ನನ್ನ ಮನೆ ಬಾಗ್ಲಿಗೇ ಬರ್ತಾಳೆ, ನಿನ್ನ ಬಾಗ್ಲಿಗಲ್ಲ. ಹೆದರ್ಕಬ್ಯಾಡ,” ಎಂದೆ. ಊಟಕ್ಕೆ ಇರು ಎಂದ ಅವನ ಹೆಂಡತಿ. ಉಂಡು ಬಂದೆ.

ನೀನು ಮೇ ತಿಂಗಳಿನ ಕೆಲಸ ನೋಡು.

ಅವ್ವ


ಕಲ್ಲಿಕೋಟೆ
20 ಮೇ 2025

ಅವ್ವಾ,

ನಿನ್ನ ಮಾರ್ಚ್ ತಿಂಗಳ ಕಾಗದಕ್ಕೆ ಮೂರು ಸಲ ಉತ್ತರ ಬರೆದು ಹರಿದೆ. ಇದು ನಾಲ್ಕನೆಯದು. ಇದರಲ್ಲಿ ಬೇರೆಯೇ ಸುದ್ದಿ ಇದೆ.

ಇವತ್ತು ಪರೀಕ್ಷೆ ಆಯಿತು. ಒಂಟಿ ಕಾಲಲ್ಲಿ ಮೂರು ಸಲ ಕುಪ್ಪಳಿಸಿ ಎಷ್ಟು ದೂರ ಹೋಗುತ್ತೀಯ ಎಂದು ಅಳೆಯುತ್ತಾರೆ. ಆಮೇಲೆ ಯಂತ್ರಕ್ಕೆ ಕಾಲು ಕಟ್ಟಿ ಒದೆಯಲು ಹೇಳುತ್ತಾರೆ. ತೊಂಬತ್ತು ಬೇಕಿತ್ತು. ಎಂಬತ್ತನಾಲ್ಕು ಬಂತು.

ಕ್ಲಬ್ಬಿನವರು ನನ್ನನ್ನು ಕಳಿಸುವ ಚೀಟಿ ಬರೆಯಲು ಕೂತಿದ್ದರು. ಮೈತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮುಕ್ಕಾಲು ಗಂಟೆ ಅವರ ದನಿ ಹೊರಗೆ ಕೇಳುತ್ತಿತ್ತು. ಆರು ವಾರ ಕೊಟ್ಟಿದ್ದಾರೆ. ಆಮೇಲೆ ಇನ್ನೊಂದೇ ಪರೀಕ್ಷೆ. ಆರು ಅಂಕ, ಆರು ವಾರ. ಕೇಳಲು ಸುಲಭ. ಕೊನೆಯ ನಾಲ್ಕು ಅಂಕಕ್ಕೆ ನನಗೆ ಮೂರು ತಿಂಗಳು ಹಿಡಿದಿವೆ.

ಸೊರಬದ ಶಾಲೆ ಹೋಯಿತು, ಇದೂ ಹೋದರೆ? ಇವತ್ತು ಮೊದಲ ಸಲ ಹಾಗೆ ಅನ್ನಿಸಿತು. ನಿನ್ನ ಹತ್ತಿರ ಮುಚ್ಚಿಡುವುದಿಲ್ಲ ಎಂದು ಬರೆದೆ.

ಮೈತೆಯನ್ನು ಅವರ ತಾಯಿಯ ಬಗ್ಗೆ ಕೇಳಿದೆ. ಪ್ರತಿ ಸಲವೂ ರೈಲು ಹತ್ತಿ ಬಂದು, ಮಗಳ ರೂಮಿನ ನೆಲ ಒರೆಸಿ, ಒಂದು ಮಾತೂ ಆಡದೆ ವಾಪಸ್ ಹೋಗುತ್ತಿದ್ದರಂತೆ.

ರಕ್ಷಿತಾ


ತೊಗರ್ಸಿ
26 ಮೇ 2025

ರಕ್ಷಿತಾ,

ಆರು ವಾರ ಕೊಟ್ಟಿದ್ದರೆ ಆರು ವಾರ ಇದೆ. ಇವತ್ತಿನದನ್ನು ಇವತ್ತು ಮಾಡು.

ಶಾಲೆ ಹೋದದ್ದಕ್ಕೆ ನೀನು ಅಳಬೇಡ. ಅದನ್ನು ಬಿಡಿಸಿದವಳು ನಾನು. ಬೇಸರ ಮಾಡಿಕೊಳ್ಳುವುದಿದ್ದರೆ ನಾನು ಮಾಡಿಕೊಳ್ಳುತ್ತೇನೆ, ನನಗೆ ಪುರುಸೊತ್ತಿದೆ.

ಶೇಂಗಾ ಉಂಡೆ ಕಟ್ಟಿ ಪಾರ್ಸೆಲ್ ಮಾಡಿದ್ದೇನೆ. ಅರ್ಧ ಆ ಮೈತೆಗೆ. ಬಾಗಿಲು ಹಾಕಿಕೊಂಡು ಜಗಳ ಮಾಡುವ ಹೆಂಗಸರು ನನಗೆ ಹಿಡಿಸುತ್ತಾರೆ.

ನೆಲ ಒರೆಸಲು ನಾನೂ ಬರಬಲ್ಲೆ. ಸುಮ್ಮನಿರಲು ಮಾತ್ರ ನನ್ನಿಂದ ಆಗದು.

ಅವ್ವ


ಕಲ್ಲಿಕೋಟೆ
8 ಜುಲೈ 2025

ಅವ್ವಾ,

ತೊಂಬತ್ತೊಂದು.

ಫೋನಿನಲ್ಲಿ ಹೇಳಿದ್ದು ಸಾಲದು ಅನ್ನಿಸಿ ಬರೆಯುತ್ತಿದ್ದೇನೆ. ನೀನು ಅಳುತ್ತಿದ್ದೆಯೋ, ಹೂವಮ್ಮ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

ಮೈತೆ ಅಪ್ಪಿಕೊಳ್ಳಲಿಲ್ಲ. “ಇನ್ನು ಕೆಲಸ ಶುರು,” ಎಂದರು. ಆಮೇಲೆ ಉಂಡೆಯ ಡಬ್ಬಿ ಖಾಲಿಯಾಗಿದೆ ಎಂದರು.

ಆಗಸ್ಟ್ ಹತ್ತು, ಭಾನುವಾರ ಸಂಜೆ ನಾಲ್ಕಕ್ಕೆ ಮೊದಲ ಪಂದ್ಯ. ಮೊಬೈಲಿನಲ್ಲಿ ಬರುತ್ತದೆ. ನಾನು ಶುರುವಿಗೇ ಇಳಿಯುವುದಿಲ್ಲ. ಕೊನೆಯಲ್ಲಿ ಹತ್ತಿಪ್ಪತ್ತು ನಿಮಿಷ ಸಿಗಬಹುದು, ಸಿಗದೆಯೂ ಇರಬಹುದು. ಕೆಂಪು ಅಂಗಿ, ಬೆನ್ನ ಮೇಲೆ ಹದಿನೇಳು.

ಒಂದು ಮಾತು ಅವ್ವಾ. ಆಟ ಎಂದ ಮೇಲೆ ಬೀಳುತ್ತೇನೆ. ಬಿದ್ದದ್ದೆಲ್ಲ ಮುರಿದದ್ದಲ್ಲ.

ರಕ್ಷಿತಾ


ತೊಗರ್ಸಿ
11 ಆಗಸ್ಟ್ 2025

ಮಗಳೇ ರಕ್ಷಿತಾ,

ನಿನ್ನೆ ರಾತ್ರಿ ನೀನು ಫೋನ್ ಮಾಡಿದಾಗ ಮನೆ ತುಂಬ ಜನ. ನನ್ನ ಪಾಲಿನ ಮಾತು ಉಳಿದುಹೋಯಿತು.

ಮೂರು ಗಂಟೆಗೇ ಜಗಲಿಯಲ್ಲಿ ಕೂತೆವು. ಅಪ್ಪ ಮೊಬೈಲನ್ನು ಅಕ್ಕಿ ಸೇರಿಗೆ ಒರಗಿಸಿ ಇಟ್ಟರು. ಈಶ್ವರ್ ಸೊರಬದಿಂದ ಬೈಕಿನಲ್ಲಿ ಬಂದಿದ್ದ, ಹೆಂಡತಿಯನ್ನೂ ಕರೆತಂದಿದ್ದ. ಹೂವಮ್ಮ ಎಲ್ಲರಿಗಿಂತ ಮುಂದೆ. ಆಟ ಶುರುವಾದಾಗಿನಿಂದ, “ಯಾವ್ದೇ ನಮ್ ಹುಡ್ಗಿ, ಇದೇನೇ, ಇದೇನೇ?” ಎಂದು ಎರಡೂ ತಂಡದವರನ್ನು ತೋರಿಸಿದಳು. “ಹೂವಕ್ಕಾ, ಅದು ರೆಫ್ರಿ,” ಎಂದು ಈಶ್ವರ್ ಹೇಳಬೇಕಾಯಿತು. ನೀನು ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತಾ ಕೂತದ್ದು ಒಂದು ಸಲ ಕಂಡಿತು.

ಎಪ್ಪತ್ತೊಂದನೇ ನಿಮಿಷಕ್ಕೆ ನಿನ್ನ ಸಂಖ್ಯೆ ತೋರಿಸಿದರು. ನೀನು ಗೆರೆ ದಾಟಿ ಒಳಗೆ ಬಂದೆ. ಎರಡು ವರ್ಷಕ್ಕೆ ಮೂರು ತಿಂಗಳು ಕಡಿಮೆ. ಮೊದಲ ಸಲ ಚೆಂಡು ಬಂದಾಗ ಹಿಂದಕ್ಕೆ ಕೊಟ್ಟೆ. ಎರಡನೇ ಸಲವೂ ಹಿಂದಕ್ಕೆ. ಮೂರನೇ ಸಲ ಇಟ್ಟುಕೊಂಡೆ. ಎದುರು ತಂಡದ ಒಬ್ಬ ಉದ್ದ ಹುಡುಗಿಯ ಎಡಗಡೆಯಿಂದ ಚೆಂಡು, ಬಲಗಡೆಯಿಂದ ನೀನು. ಅಪ್ಪ ಎದ್ದು ನಿಂತರು. ಅವರು ಯಾವುದಕ್ಕೂ ಎದ್ದು ನಿಲ್ಲುವವರಲ್ಲ.

ಆಗ ಬದಿಯಿಂದ ಇನ್ನೊಬ್ಬಳು ಬಂದು ಹೊಡೆದಳು. ನೀನು ಬಿದ್ದೆ. ಎಡಗಾಲು ಕೆಳಗೆ ಸಿಕ್ಕಿತು.

ಅಷ್ಟಕ್ಕೆ ಮೊಬೈಲ್ ನಿಂತಿತು. ನೀನು ನೆಲದ ಮೇಲೆ ಬಿದ್ದ ಚಿತ್ರ ಹಾಗೇ ಇದೆ, ಅದರ ಮೇಲೆ ಒಂದು ಬಿಳಿ ಚಕ್ರ ತಿರುಗುತ್ತಿದೆ. ಈಶ್ವರ್ ಮೊಬೈಲ್ ಎತ್ತಿಕೊಂಡು ಅಂಗಳಕ್ಕೆ ಓಡಿದ. ನಾವೆಲ್ಲ ಅವನ ಹಿಂದೆ ಓಡಿದೆವು. “ನೆಟ್ ಇಲ್ಲ ಮಾರಾಯ್ತಿ, ತಡಿ, ತಡಿ,” ಎಂದು ಅದನ್ನು ಆಕಾಶಕ್ಕೆ ಹಿಡಿದುಕೊಂಡು ನಿಂತ. ನೀನು ಅಲ್ಲಿ ಮೇಲೆ ಬಿದ್ದುಕೊಂಡೇ ಇದ್ದೆ.

ಹೂವಮ್ಮ ಸೆರಗು ಒಡ್ಡಿ, “ಅಪ್ಪಾ ವೀರಭದ್ರಾ, ಹುಡ್ಗಿ ಎದ್ರೆ ನಿಂಗೆ…” ಎಂದು ಶುರು ಮಾಡಿದಳು. ನಾನು ಅವಳ ಬಾಯಿಯನ್ನು ಕೈಯಿಂದ ಮುಚ್ಚಿದೆ. “ಯಾರೂ ಏನೂ ಹೊರಬ್ಯಾಡ್ರಿ. ಸುಮ್ನಿರ್ರಿ ಎಲ್ರೂ,” ಎಂದೆ. ಅವಳ ಬಾಯಿ ಮುಚ್ಚಿದೆ, ಸರಿ. ನನ್ನದನ್ನು ಮುಚ್ಚುವವರು ಯಾರು? ನಾಲಿಗೆಯ ತುದಿಯಲ್ಲಿ ಹರಕೆ ಬಂದು ನಿಂತಿತ್ತು ಮಗಳೇ. ಏನು ಬೇಕಾದರೂ ಕೊಡುತ್ತೇನೆ ಎನ್ನುವ ಮಾತು. ಐವತ್ತು ವರ್ಷದ ಅಭ್ಯಾಸ. ಹಲ್ಲು ಕಚ್ಚಿ ನುಂಗಿದೆ. ಸ್ವಾಮಿ ಇದ್ದಾನೆ, ನೋಡುತ್ತಿದ್ದಾನೆ, ಅವನಿಗೆ ನಾನು ಆಸೆ ತೋರಿಸಬೇಕಾಗಿಲ್ಲ. ಆಮೇಲೆ ಆ ಮೊಬೈಲಿನ ಕಡೆ ನೋಡಿ ನಿನಗೆ ಹೇಳಿದೆ, “ಏಳು.” ಅಷ್ಟೇ. ಗಟ್ಟಿಯಾಗಿ ಹೇಳಿದೆನೆಂದು ಕಾಣುತ್ತದೆ, ಬೀದಿಯವರೆಲ್ಲ ತಿರುಗಿ ನೋಡಿದರು.

ಎಷ್ಟು ಹೊತ್ತು ಹಾಗೆ ನಿಂತೆವೋ ತಿಳಿಯದು. ಚಕ್ರ ನಿಂತು ಚಿತ್ರ ಬಂದಾಗ ಮೈದಾನದ ನಡುವೆ ಯಾರೂ ಬಿದ್ದಿರಲಿಲ್ಲ. ಚೆಂಡು ಎಲ್ಲೋ ಆ ಕಡೆ ಇತ್ತು. ಸ್ಟ್ರೆಚರ್ ಹೊತ್ತುಕೊಂಡು ಹೋದರೇನೋ ಎಂದು ನಾನು ಬೆಂಚಿನ ಕಡೆ ಹುಡುಕುತ್ತಿದ್ದೆ. ಅಪ್ಪ ನನ್ನ ಭುಜ ಅಲ್ಲಾಡಿಸಿ, “ಅಲ್ಲಿ ಅಲ್ಲ ಕಣೇ. ಇಲ್ಲಿ ನೋಡು, ಗೆರೆ ಪಕ್ಕ,” ಎಂದರು.

ನೀನು ಏಳುವುದನ್ನು ನಾನು ನೋಡಲಿಲ್ಲ ರಕ್ಷಿತಾ. ನಾನು ನೋಡುವ ಹೊತ್ತಿಗೆ ನೀನು ಓಡುತ್ತಿದ್ದೆ.

ನಿನ್ನ ಅವ್ವ,
ರಾಜೇಶ್ವರಮ್ಮ